ಡಿಪೋ ಭಾವನೂ ತುಕ್ಕು ಹಿಡಿದ ಬೋಲ್ಟೂ

ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗಾಡಿ ರಿಪೇರಿಗೆ ಬರುವವನ ಕೈಯಲ್ಲಿ ಕೆಲಸ ಎಷ್ಟು ಆದೀತು ಅನ್ನುವುದು ತಂಗಿಗೆ ಗೇಟು ಕಿರುಗುಟ್ಟಿದಾಗಲೇ ಗೊತ್ತಾಯಿತು. ಆದರೂ ಬಂದವನು ಅಕ್ಕನ ಗಂಡ; ಹಿಂದೆಯೇ ಅಕ್ಕನೂ ಇದ್ದಳು. ಅವಳು ಎಣ್ಣೆ ಕೈ ಒರೆಸಿಕೊಂಡು, "ಬನ್ನಿ ಭಾವ" ಅಂದಳು.

ನೆಂಟರೆಲ್ಲ ಅವನನ್ನು ಡಿಪೋ ಭಾವ ಅನ್ನುತ್ತಿದ್ದರು. ಬಸ್ ಡಿಪೋದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಅಲ್ಲಿ ಅವನ ಕೆಲಸ ಗೇಟಿನ ಬಳಿ ಕೂತು, ಯಾವ ಬಸ್ಸು ಹೊರಗೆ ಹೋಯಿತು, ಯಾವುದು ಒಳಗೆ ಬಂತು ಎಂದು ನೋಡುವುದು. ಸ್ಪ್ಯಾನರನ್ನು ಅವನು ದೂರದಿಂದ ಕಂಡಿದ್ದ. ದೂರದಿಂದ ಕಂಡದ್ದರ ಬಗ್ಗೆ ಮಾತಾಡುವುದು ಸುಲಭ.

ತಂಗಿ ಸಸಿ ಮಾರುವವಳು. ಕುಂಡ, ಮಣ್ಣು, ಗೊಬ್ಬರ ಹೊತ್ತು ಹೊತ್ತು ಅವಳ ಹಳೆಯ ಜೀಪಿನ ಹಿಂದಿನ ಕಮಾನು ಪಟ್ಟಿಯಲ್ಲಿ ಒಂದು ಎಲೆ, ಅಂದರೆ ಉಕ್ಕಿನ ಪದರ, ಮುರಿದಿತ್ತು. "ಎಲೆ ಬದಲಾಯಿಸಿ ಕೊಡ್ತೀನಿ. ಆದ್ರೆ ಪಟ್ಟಿ ಹಿಡಿದಿರೋ ಆ ತುಕ್ಕು ಬೋಲ್ಟು ಬಿಚ್ಚೋಕೆ ನನ್ನ ಕರೀಬೇಡಿ. ಪಟ್ಟಿ ನೀವೇ ಕಳಚಿ ತನ್ನಿ" ಎಂದು ಮೆಕ್ಯಾನಿಕ್ ಕೈಮುಗಿದಿದ್ದ. ಹಾಗಾಗಿ ಅವಳು ಅಂಗಳದಲ್ಲೇ ಜಾಕಿಯಲ್ಲಿ ಜೀಪು ಎತ್ತಿ, ಅಡಿಗೆ ಸ್ಟ್ಯಾಂಡ್ ಕೊಟ್ಟು, ದಿನಾ ಸಂಜೆ ಬೋಲ್ಟುಗಳಿಗೆ ಎಣ್ಣೆ ಕುಡಿಸುತ್ತಿದ್ದಳು. ಬಿಚ್ಚಿದ ಚಕ್ರವನ್ನೂ ಸ್ಟೆಪ್ನಿಯನ್ನೂ ಒಂದರ ಮೇಲೊಂದು ಪೇರಿಸಿ ಚಾಸಿಯ ಕೆಳಗೆ ತಳ್ಳಿದ್ದಳು.

"ಇದೇನಮ್ಮ, ಟೈರ್ ಅಂಗಡಿ ಇಟ್ಟಿದೀಯಾ?" ಭಾವ ನಕ್ಕ. "ಸ್ಟ್ಯಾಂಡ್ ಇರೋವಾಗ ಇದೆಲ್ಲ ಯಾತಕ್ಕೆ? ಡಿಪೋದಲ್ಲಿ ನಾವು ಹೀಗೆಲ್ಲ ಮಾಡ್ತಿರಲಿಲ್ಲ."

"ಇರಲಿ ಬಿಡಿ ಭಾವ."

ಅವನು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತ. ಅಕ್ಕ ಯಾರಿಗೂ ಏನೂ ಹೇಳದೆ ಒಳಗೆ ಹೋದಳು. ಗಂಡ ಮಾತಾಡುವಾಗ ಬೇರೆ ಕೋಣೆಗೆ ಹೋಗುವುದು ಅವಳಿಗೆ ಅಭ್ಯಾಸವಾಗಿತ್ತು.

ತಂಗಿ ಪೈಪು ಸಿಕ್ಕಿಸಿದ ಸ್ಪ್ಯಾನರಿಗೆ ಮೈಭಾರ ಬಿಟ್ಟಳು. ಕೊನೆಯ ನಟ್ಟು ಕೀರಲು ದನಿ ತೆಗೆದು ಸಡಿಲವಾಯಿತು. "ನೋಡಿದ್ಯಾ, ನಾನು ಬಂದ ಮೇಲೆ!" ಅಂದ ಭಾವ.

ನಟ್ಟು ಬಂತು, ಬೋಲ್ಟು ಬರಲಿಲ್ಲ. ಪಟ್ಟಿಯ ಸುರುಳಿ ತುದಿಯೊಳಗೆ ರಬ್ಬರ್ ಬುಷ್, ಅದರೊಳಗೆ ಉಕ್ಕಿನ ಕೊಳವೆ. ಆ ಕೊಳವೆಗೆ ಬೋಲ್ಟು ತುಕ್ಕಿನಲ್ಲಿ ಬೆಸೆದುಹೋಗಿತ್ತು. ತಿರುಗಿಸಿದರೆ ರಬ್ಬರಿನ ಜೊತೆಗೇ ತಿರುಗುತ್ತಿತ್ತು, ಬಿಟ್ಟರೆ ಚಿಮ್ಮಿ ಹಿಂದಕ್ಕೆ ಬರುತ್ತಿತ್ತು.

"ಇದನ್ನ ಕತ್ತರಿಸ್ಬೇಕು" ಅಂದಳು ತಂಗಿ.

"ಕತ್ತರಿಸೋದು ಕೈಲಾಗದವರು. ಸುತ್ತಿಗೆ ಕೊಡು."

ಭಾವ ತೋಳು ಮಡಚಿದ. ನಾಲ್ಕು ಏಟಿಗೆ ಬೋಲ್ಟಿನ ತುದಿ ಅಣಬೆಯ ಹಾಗೆ ಅರಳಿತು. ಸುತ್ತಿಗೆಯ ಹಿಡಿ ಸರಿಯಿಲ್ಲ ಅಂದ. ಆಮೇಲೆ ಬೋಲ್ಟು ಕಳಪೆ ಮಾಲು ಅಂದ. ಕುಣಿಯಲಾರದವನಿಗೆ ನೆಲ ಡೊಂಕಾಗಿರಲೇಬೇಕು. ಕಡೆಗೆ, ಸುತ್ತಿಗೆ ಬೀಸಲು ಸ್ಟ್ಯಾಂಡ್ ಅಡ್ಡ ಅಂತ ತೀರ್ಮಾನಿಸಿದ.

"ಸ್ಟ್ಯಾಂಡ್ ಮುಟ್ಟಬೇಡಿ ಭಾವ. ಒಳಗಡೆಯಿಂದ ಎಷ್ಟು ಜಾಗ ಇದೆ ನೋಡ್ತೀನಿ, ಗರಗಸದ ಬ್ಲೇಡ್ ಹೋಗುತ್ತೆ ಅನ್ಸತ್ತೆ" ಎನ್ನುತ್ತಾ ತಂಗಿ ಟಾರ್ಚ್ ಹಿಡಿದು ಗಾಡಿಯಡಿಗೆ ತೆವಳಿದಳು.

ಹೆಂಗಸು ಬೇಡ ಅಂದದ್ದನ್ನು ಮಾಡದಿದ್ದರೆ ಅವನ ಗಂಡಸುತನಕ್ಕೆ ಕುಂದಲ್ಲವೇ? ಜಾಕಿಯನ್ನು ಎರಡು ಸುತ್ತು ಏರಿಸಿ, ಸ್ಟ್ಯಾಂಡನ್ನು ಮೆಲ್ಲಗೆ ಎಳೆದು ಪಕ್ಕಕ್ಕಿಟ್ಟ. ಸುತ್ತಿಗೆ ಎತ್ತಿ ಬಾರಿಸಿದ. ಜಾಕಿ ವಾಲಿತು. ಜೀಪು ಕುಸಿಯಿತು.

ಟೈರುಗಳ ರಾಶಿ ಚಾಸಿಯನ್ನು ಹಿಡಿದು ನಿಲ್ಲಿಸಿತು. ಅವಳ ಎದೆಗೂ ಕಬ್ಬಿಣಕ್ಕೂ ನಡುವೆ ಒಂದು ಗೇಣು ಜಾಗ ಉಳಿದಿತ್ತು. ಕಣ್ಣು ತುಂಬ ತುಕ್ಕಿನ ಪುಡಿ. ಉಸಿರು ಬಿಗಿಹಿಡಿದು ಪಕ್ಕಕ್ಕೆ ಹೊರಳಿ ಅವಳು ಹೊರಬಂದಾಗ, ಸುತ್ತಿಗೆ ನೆಲದ ಮೇಲಿತ್ತು. ಭಾವ ಗೇಟಿನ ಆಚೆಗಿದ್ದ.

ಅಕ್ಕ ಓಡಿಬಂದಳು. ತಂಗಿಯ ಕೈಕಾಲು, ಬೆನ್ನು ಎಲ್ಲ ಸವರಿ ನೋಡಿದಳು. ಏನೂ ಆಗಿಲ್ಲ ಅಂತ ಖಾತ್ರಿಯಾದ ಮೇಲೆ ತಲೆ ಎತ್ತಿದಳು.

"ನಾನು ಹೇಳ್ತಾನೇ ಇದ್ದೆ, ಅಡೀಗೆ ಹೋಗ್ಬೇಡ ಅಂತ" ಎನ್ನುತ್ತಾ ಭಾವ ಒಳಗೆ ಬಂದ.

"ನೀವು ಗೇಟಿನ ಹತ್ರ ಏನು ಮಾಡ್ತಿದ್ರಿ?" ಅಕ್ಕ ಕೇಳಿದಳು.

"ಜನರನ್ನ ಕರೆಯೋಕೆ ಹೋದೆ."

"ಕರೆಯೋಕೆ ಬೇಕಾಗಿದ್ದು ಬಾಯಿ. ಅದು ನಿಮಗೆ ಯಾವತ್ತೂ ಕೈಕೊಟ್ಟಿಲ್ಲ. ಇವತ್ತು ಕಾಲು ಯಾಕೆ ಮುಂದಾಯ್ತು?"

ಭಾವ ಅಂಗಿಯ ಮೇಲಿನ ಎಣ್ಣೆಯ ಕಲೆ ನೋಡಿಕೊಂಡು, "ಇದು ಹೋಗಲ್ಲ ಅನ್ಸತ್ತೆ" ಅಂದ.

ತಂಗಿ ತನಗೆ ಸಿಟ್ಟು ಬರಲಿ ಎಂದು ಕಾದಳು. ಬರಲಿಲ್ಲ. ಸಿಟ್ಟು ಮಾಡಿಕೊಳ್ಳಲಿಕ್ಕಾದರೂ ಎದುರಿಗೆ ಒಬ್ಬ ಮನುಷ್ಯ ಬೇಕಲ್ಲ. ಚಪ್ಪಲಿಗೆ ಹತ್ತಿದ ಕೆಸರಿನ ಮೇಲೆ ಯಾರು ಸಿಟ್ಟಾಗುತ್ತಾರೆ?

"ಮನೆಗೆ ಹೋಗೋಣ ನಡಿ" ಅಂದ ಭಾವ, ಹೆಂಡತಿಗೆ.

"ನೀವು ಹೋಗಿ. ಇಲ್ಲಿ ಕೆಲಸ ಇದೆ" ಎಂದು ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಭಾವ ಒಬ್ಬನೇ ಹೊರಟುಹೋದ.

ಇಬ್ಬರೂ ಸೇರಿ ಜಾಕಿಯಡಿ ಹಲಗೆ ಹಾಕಿ ಜೀಪು ಎತ್ತಿದರು, ಸ್ಟ್ಯಾಂಡ್ ಮತ್ತೆ ಕೊಟ್ಟರು. ಬ್ರಾಕೆಟಿಗೂ ಬುಷ್ಷಿಗೂ ನಡುವಿನ ಸಂದಿಯಲ್ಲಿ ಗರಗಸದ ಬ್ಲೇಡು ತೂರಿಸಿ, ಬಟ್ಟೆ ಸುತ್ತಿ ಹಿಡಿದು, ಒಬ್ಬಳ ಕೈ ಸೋತಾಗ ಇನ್ನೊಬ್ಬಳು ಕೊಯ್ದಳು. ಬ್ಲೇಡುಗಳು ಪಟಪಟ ಮುರಿದವು. ಅಕ್ಕನ ಬೆರಳಲ್ಲಿ ಬೊಬ್ಬೆ ಎದ್ದಿತು. ಅವಳು ನಿಲ್ಲಿಸಲಿಲ್ಲ.

ಅಷ್ಟರಲ್ಲಿ ಅಕ್ಕನಿಗೆ ಫೋನು ಬಂತು. ಚಿಕ್ಕಪ್ಪ. "ಏನಮ್ಮ, ನಿನ್ನ ಗಂಡ ಒಬ್ಬನೇ ಜೀಪು ಎತ್ತಿ ತಂಗೀನ ಉಳಿಸಿದನಂತೆ?"

ಅಕ್ಕ ಬ್ಲೇಡು ಕೆಳಗಿಟ್ಟಳು. "ಎತ್ತಲಿಲ್ಲ ಚಿಕ್ಕಪ್ಪ. ಬೀಳಿಸಿದ್ರು. ಆಮೇಲೆ ಕಾಲಿಗೆ ಬುದ್ಧಿ ಹೇಳಿದ್ರು. ಯಾರು ಕೇಳಿದ್ರೂ ಹೀಗೇ ಹೇಳಿ."

ಸಂಜೆಯ ಹೊತ್ತಿಗೆ ಬೋಲ್ಟಿನ ಕೊನೆಯ ಎಳೆಯೂ ಕಡಿದು, ಪಟ್ಟಿ ದಡಾರನೆ ನೆಲಕ್ಕೆ ಬಿತ್ತು. ಅಕ್ಕ ಅಂಗಳದಲ್ಲೇ ಕೂತು ಜೋರಾಗಿ ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೆಂದು ತಂಗಿಗೆ ನೆನಪಾಗಲಿಲ್ಲ.

ಎಲೆ ಬದಲಾಗಿ, ಹೊಸ ಬೋಲ್ಟು ಕೂತು, ಜೀಪು ರಸ್ತೆಗಿಳಿಯುವವರೆಗೂ ಅಕ್ಕ ತಂಗಿಯ ಮನೆಯಲ್ಲೇ ಇದ್ದಳು. ಆಮೇಲೆ ಅದೇ ಜೀಪಿನಲ್ಲಿ ತನ್ನ ಮನೆಗೆ ಹೋದಳು. ಭಾವ ಬಾಗಿಲಲ್ಲೇ ನಿಂತಿದ್ದ. ಚಕ್ರದ ಹತ್ತಿರ ಬಗ್ಗಿ, ತಲೆಯಾಡಿಸಿ, "ಕೆಲಸ ಪರವಾಗಿಲ್ಲ. ಬೋಲ್ಟಿಗೆ ಗ್ರೀಸು ಹಚ್ಚಿದ್ರಾ?" ಅಂದ.

"ದಾರಿ ಬಿಡಿ" ಅಂದು ಅಕ್ಕ ಒಳಗೆ ನಡೆದಳು.