ಕೂತವರಿಗೆ ಬೆಳಕಿಲ್ಲ

ದೀಪ ಆರಿತು.

"ಆಯ್ತಾ ಸಮಾಧಾನ?" ಎಂದಳು ಗಿಳಿ, ಕತ್ತಲಿಗೆ.

ಕತ್ತಲು ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಮೇಜಿನ ಮೇಲೆ ರೆಕಾರ್ಡರಿನ ಕೆಂಪು ಚುಕ್ಕಿಯೊಂದು ಮಾತ್ರ ಮಿಟುಕದೆ ಅವಳನ್ನೇ ನೋಡುತ್ತಿತ್ತು. ಅವಳು ಕೂತಲ್ಲಿಂದಲೇ ಎಡಗೈ ಬೀಸಿದಳು. ಪ್ರಯೋಜನವಾಗಲಿಲ್ಲ. ನೀರಲ್ಲಿ ಮುಳುಗುತ್ತಿರುವವರು ದಡದವರನ್ನು ಕರೆಯುವ ಹಾಗೆ ಎರಡೂ ಕೈ ಎತ್ತಿ ಬೀಸಿದಳು. ಕೊನೆಗೆ ಕುರ್ಚಿ ಸರಿಸಿ ಎದ್ದು, ಮೇಜಿನ ಮೂಲೆಗೆ ಮೊಣಕಾಲು ಬಡಿಸಿಕೊಂಡು ಬಾಗಿಲ ಹತ್ತಿರ ಹೋದ ಮೇಲೆ, ಬಾಗಿಲ ನೆತ್ತಿಯಲ್ಲಿ ಕೂತಿದ್ದ ಮೊಟ್ಟೆಯಷ್ಟು ದಪ್ಪದ ಬಿಳಿ ಡಬ್ಬಿ 'ಟಿಕ್' ಎಂದಿತು. ದೀಪ ಹತ್ತಿತು, "ಓಹೋ, ನೀವಾ! ಒಳಗೇ ಇದ್ರಾ? ಗೊತ್ತೇ ಆಗ್ಲಿಲ್ಲ ನೋಡಿ" ಎನ್ನುವ ಹಾಗೆ.

ಗಿಳಿಯ ಗಂಡ ಲಿಫ್ಟ್ ಮೆಕ್ಯಾನಿಕ್. ದಿನಕ್ಕೆ ಎಷ್ಟು ಸಲ ಮೇಲೇರಿದರೂ ಸಂಜೆ ನೆಲಕ್ಕೇ ಬರಬೇಕಾದ ವೃತ್ತಿ ಅವನದು. ಮನೆಯಲ್ಲಿ ದೀಪ ಆರಿಸುವ ಅಭ್ಯಾಸ ಯಾರಿಗೂ ಇಲ್ಲ, ಮುಖ್ಯವಾಗಿ ಅಮ್ಮನಿಗಿಲ್ಲ ಎಂದು ವರ್ಷಗಟ್ಟಲೆ ಗೊಣಗಿ, ಕಳೆದ ವಾರ ಅವನು ಒಂದು ಪೆಟ್ಟಿಗೆ ತುಂಬ ಈ ಬಿಳಿ ಮೊಟ್ಟೆಗಳನ್ನು ತಂದಿದ್ದ. "ಇನ್ಮೇಲೆ ಸ್ವಿಚ್ ಅನ್ನೋ ಮಾತೇ ಇಲ್ಲ. ನೀವು ಬಂದ್ರೆ ಬೆಳಕು, ಹೋದ್ರೆ ಕತ್ತಲು. ಮನೆಗೇ ಬುದ್ಧಿ ಬಂದ್ಬಿಡತ್ತೆ."

"ಮನೆಯಲ್ಲಿ ಯಾರಿಗಾದ್ರೂ ಬರ್ಲಿ ಬಿಡು," ಎಂದಿದ್ದರು ಅತ್ತೆ.

ಒಂದೊಂದು ಕೋಣೆಗೂ ಒಂದೊಂದು ಮೊಟ್ಟೆ ಇಟ್ಟ. ಸ್ವಿಚ್ಚುಗಳಿದ್ದ ಜಾಗಕ್ಕೆ ಬಿಳಿ ಹಲಗೆ ಬಡಿದ. ಎಲ್ಲ ಮಾಡಿದ್ದು ಅಚ್ಚುಕಟ್ಟಾಗಿಯೇ. ಆದರೆ ಲಿಫ್ಟಿನ ಬುದ್ಧಿಯಲ್ಲಿ. ಲಿಫ್ಟಿನಲ್ಲಿ ಕಣ್ಣಿರುವುದು ಬಾಗಿಲಿಗೆ. ಹಾಗಾಗಿ ಮನೆಯ ಪ್ರತಿ ಮೊಟ್ಟೆಯನ್ನೂ ಬಾಗಿಲ ನೆತ್ತಿಯಲ್ಲಿ, ಹೊಸ್ತಿಲನ್ನೇ ದಿಟ್ಟಿಸುವಂತೆ ಕೂರಿಸಿದ್ದ. ಅವನ ಪ್ರಪಂಚದಲ್ಲಿ ಮನುಷ್ಯರೆಂದರೆ ಒಳಗೆ ಬರುವವರು, ಇಲ್ಲವೇ ಹೊರಗೆ ಹೋಗುವವರು. ಕೂರುವವರು ಎಂಬುದೊಂದು ಪಂಗಡವಿದೆ ಎಂಬ ಸುದ್ದಿಯೇ ಅವನಿಗೆ ತಲುಪಿರಲಿಲ್ಲ.

ಆ ಪಂಗಡದವರ ಪಾಡು ಒಂದೇ ವಾರದಲ್ಲಿ ನಾಯಿಪಾಡಾಯಿತು. ತಲೆಗೆ ಸೋಪು ಹಚ್ಚಿ ಕಣ್ಣು ಮುಚ್ಚಿದ ಅತ್ತೆ, ಕಣ್ಣು ತೆರೆದಾಗಲೂ ಕತ್ತಲೇ ಇದ್ದದ್ದನ್ನು ಕಂಡು, ದೃಷ್ಟಿ ಹೋಯಿತೆಂದೇ ಕಿರುಚಿಕೊಂಡರು. ಅಡುಗೆಮನೆಯಲ್ಲಿ ಚಾಕು ಹಿಡಿದವರು ಆಗಾಗ ಹೊಸ್ತಿಲ ತನಕ ಹೋಗಿ ಹಾಜರಿ ಹಾಕಿ ಬರಬೇಕಿತ್ತು. ಪಕ್ಕದ ಮನೆಯ ಬೆಕ್ಕು ಮಾತ್ರ ಕೋಣೆಯಿಂದ ಕೋಣೆಗೆ, ದೀಪ ಬೆಳಗಿಸಿಕೊಳ್ಳುತ್ತ, ಉದ್ಘಾಟನೆಗೆ ಬಂದ ಮಂತ್ರಿಯ ಗತ್ತಿನಲ್ಲಿ ಓಡಾಡುತ್ತಿತ್ತು.

"ಸೆನ್ಸರ್. ಕನ್ನಡದಲ್ಲಿ ಸಂವೇದಕ ಅಂತಾರೆ ಇದನ್ನ," ಎಂದಿದ್ದ ಅವನು, ಹೆಮ್ಮೆಯಿಂದ.

"ಹೌದ್ರೀ. ಸಂವೇದನೆ ಅದಕ್ಕೆ, ವೇದನೆ ನಮಗೆ," ಎಂದಿದ್ದಳು ಗಿಳಿ.

ಇದೆಲ್ಲವನ್ನೂ ಅವಳು ನಕ್ಕು ತಳ್ಳಿಬಿಡುತ್ತಿದ್ದಳು. ಇವತ್ತು ನಗು ಬರಲಿಲ್ಲ, ಯಾಕೆಂದರೆ ಇವತ್ತಿನದು ಅವಳ ದನಿಯ ಪ್ರಶ್ನೆ.

ಅವಳ ಕಸುಬು ದನಿ ಕೊಡುವುದು. ಗಿಳಿ ಎಂದು ಹೆಸರಿಟ್ಟವರು ಅತ್ತೆ. ಮದುವೆಯಾದ ಹೊಸತರಲ್ಲಿ ಅಡುಗೆಮನೆಯಿಂದ ಗಂಡನದೇ ದನಿಯಲ್ಲಿ "ಅಮ್ಮಾ, ಇವತ್ತು ಪಾತ್ರೆ ನಾನೇ ತೊಳಿತೀನಿ" ಎಂದು ಕೂಗಿ ಅವರ ಕಣ್ಣಲ್ಲಿ ನೀರು ಬರಿಸಿದ್ದಕ್ಕೆ. ತೆರೆಯ ಮೇಲೆ ಅಳುವ ಮಗು ಅವಳೇ, ಅರಚುವ ಮೇಕೆ ಅವಳೇ, ಸಂತೆಯ ಗದ್ದಲದಲ್ಲಿ ಅರ್ಧ ಸಂತೆ ಅವಳೇ. ಇಷ್ಟು ವರ್ಷ ಎಲ್ಲರ ಬಾಯಾಗಿ ಬದುಕಿದವಳಿಗೆ ಈಗ ಮೊದಲ ಸಲ ಒಂದು ಇಡೀ ಕಾದಂಬರಿಯನ್ನು ಒಬ್ಬಳೇ ಓದಿ ಧ್ವನಿಪುಸ್ತಕ ಮಾಡುವ ಅವಕಾಶ ಬಂದಿತ್ತು. ಬಂದಿತ್ತು ಅನ್ನುವುದಕ್ಕಿಂತ, ಬಾಗಿಲ ತನಕ ಬಂದು ನಿಂತಿತ್ತು. ಮಾದರಿಗೆಂದು ಕೊಟ್ಟ ಪುಟವನ್ನು ಅವಳು ಒಮ್ಮೆ ಓದಿ ಕಳಿಸಿದ್ದಳು. ಸ್ಟುಡಿಯೋದ ನಿರ್ದೇಶಕಿ ಫೋನು ಮಾಡಿದ್ದಳು. ಅವಳಿಗೆ ವರ್ಷವಿಡೀ ನೆಗಡಿ.

"ಬುದುಕಿ ಚೆನ್ನಾಗಿದ್ದಾಳೆ. ಆದ್ರೆ ಈ ಬುದುಕೀನ ನಾನು ಎಲ್ಲೋ ಕೇಳಿದ್ದೀನಿ. ಹತ್ತು ಧಾರಾವಾಹೀಲಿ ಕೇಳಿದ್ದೀನಿ. ಇದು ನಟನೆ ಕಣ್ರೀ. ನಿಮ್ಮದೇ ಅಂತ ಒಂದು ದನಿ ಇಲ್ವಾ?"

ಬುದುಕಿ ಅಂದರೆ ಮುದುಕಿ. ಕಾದಂಬರಿಯ ನಾಯಕಿ ಯಂತ್ರದ ದೋಣಿ ನಡೆಸುವ ಮುದುಕಿ. ಆ ಪುಟದಲ್ಲಿ ನಡುಹೊಳೆಯಲ್ಲಿ ಎಂಜಿನ್ನು ನಿಂತುಹೋಗಿ, ಅವಳು ಅದನ್ನು ಬಾಯಿಗೆ ಬಂದಂತೆ ಬೈಯುತ್ತಾಳೆ.

"ಇವತ್ತು ಸಂಜೆ ನಾನು ಹೊರಡೋದ್ರೊಳಗೆ ಇನ್ನೊಂದು ಸಲ ಓದಿ ಕಳ್ಸಿ. ಇಲ್ದಿದ್ರೆ ಬೇರೆಯವರು ಕಾಯ್ತಿದ್ದಾರೆ," ಎಂದು ಒಮ್ಮೆ ಸೀನಿ ಫೋನಿಟ್ಟಿದ್ದಳು.

ಫೋನಿಟ್ಟ ಮೇಲೆ ಗಿಳಿ ಅದೇ ಮಾತನ್ನು, ನೆಗಡಿಯ ಸಮೇತ, ಅತ್ತೆಗೆ ಒಪ್ಪಿಸಿದ್ದಳು. ಅತ್ತೆ ಬಿದ್ದು ಬಿದ್ದು ನಕ್ಕಿದ್ದರು. ನಿರ್ದೇಶಕಿಯ ದನಿ ಬರುತ್ತಿತ್ತು, ನೆಗಡಿಯೂ ಬರುತ್ತಿತ್ತು. ಅವಳು ಕೇಳಿದ ದನಿ ಮಾತ್ರ ಬರುತ್ತಿರಲಿಲ್ಲ.

ಮನೆಯಲ್ಲಿ ಸದ್ದಿಲ್ಲದ ಜಾಗವೆಂದರೆ ಉಗ್ರಾಣ ಒಂದೇ. ಕಿಟಕಿಯಿಲ್ಲ, ಗೋಡೆಗೆಲ್ಲ ಹಳೆಯ ಹೊದಿಕೆ, ಕೋಟು ನೇತುಹಾಕಿ ಪ್ರತಿಧ್ವನಿಯ ಕತ್ತು ಹಿಸುಕಿದ್ದಳು. ಅಲ್ಲಿ ಓದುವುದಕ್ಕೂ ಒಂದು ಶಿಸ್ತು ಬೇಕು. ತೋಳು ಆಡಿಸಿದರೆ ಬಟ್ಟೆ ಸರಸರ ಅನ್ನುತ್ತದೆ, ಬೆನ್ನು ಒರಗಿಸಿದರೆ ಕುರ್ಚಿ ಕಿರ್ ಅನ್ನುತ್ತದೆ, ಮೈಕು ಎಲ್ಲವನ್ನೂ ಚಾಡಿಕೋರನ ಹಾಗೆ ಕೇಳಿಸಿಕೊಳ್ಳುತ್ತದೆ. ಕಲ್ಲಾಗಿ ಕೂರಬೇಕು, ತುಟಿ ಮಾತ್ರ ಆಡಬೇಕು. ಅವಳು ಕಲ್ಲಾಗುತ್ತಿದ್ದ ಹಾಗೆಯೇ ಆ ಮೊಟ್ಟೆ, ಒಳಗೆ ಯಾರೂ ಇಲ್ಲ ಎಂದು ತೀರ್ಮಾನಿಸಿ ದೀಪ ಕಿತ್ತುಕೊಳ್ಳುತ್ತಿತ್ತು.

ಟಾರ್ಚು ಹಿಡಿದು ನೋಡಿದಳು. ಸದ್ದಾಗದಂತೆ ಹಾಳೆ ಸರಿಸಲು ಎರಡೂ ಕೈ ಬೇಕು. ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಓದುವ ವಿದ್ಯೆ ಅವಳಿಗಿನ್ನೂ ಸಿದ್ಧಿಸಿರಲಿಲ್ಲ. ಮೊಬೈಲು ಪಕ್ಕದಲ್ಲಿದ್ದರೆ ಮೈಕು ಗುಂಯ್ ಎನ್ನುತ್ತದೆ. ಮೊಟ್ಟೆಯನ್ನೇ ಬಿಚ್ಚಿ ಎಸೆಯೋಣವೆಂದರೆ, ಲಿಫ್ಟಿನೊಳಗೆ ಕಂಡವರು ಕೈಹಾಕಬಾರದೆಂದು ಬಳಸುವ ಮೂರು ಮೂಲೆಯ ಸ್ಕ್ರೂ ಜಡಿದಿದ್ದ ಪುಣ್ಯಾತ್ಮ. ಅದನ್ನು ಬಿಚ್ಚುವ ಸಾಧನ ಅವನ ಚೀಲದಲ್ಲಿ. ದೀಪ ಆಳುವ ಆ್ಯಪ್ಪು ಅವನ ಫೋನಿನಲ್ಲಿ. ಅವನು ಯಾವುದೋ ಕಟ್ಟಡದ ಲಿಫ್ಟಿನಡಿಯ ಆಳದ ಗುಂಡಿಯಲ್ಲಿ. ಗುಂಡಿಯಲ್ಲಿ ಸಿಗ್ನಲ್ಲಿಲ್ಲ.

ಅಂತೂ ಹೊರಗೆ ಬಂದು ಮತ್ತೆ ಮತ್ತೆ ಒತ್ತಿದಾಗ, ಒಮ್ಮೆ ಸಿಕ್ಕಿದ.

"ರೀ, ಉಗ್ರಾಣದ ದೀಪ ಆರ್ತಾನೇ ಇದೆ."

"ಅಲ್ಲಾಡ್ತಾ ಇರು ಕಣೆ."

"ಅಲ್ಲಾಡಿದ್ರೆ ರೆಕಾರ್ಡಿಂಗ್ ಹಾಳಾಗತ್ತೆ!"

"ಹಂಗಾದ್ರೆ ಅಲ್ಲಾಡಬೇಡ."

"ಅಲ್ಲಾಡದಿದ್ರೆ ದೀಪ ಆರತ್ತೆ ಅಂತ ಹೇಳಿದ್ನಲ್ಲ!"

"ಅಯ್ಯೋ, ಇದನ್ನ ಸ್ವಲ್ಪ ಲೈಟಾಗಿ ತಗೋ..." ಅಷ್ಟರಲ್ಲಿ ಗುಂಡಿ ಅವನನ್ನು ನುಂಗಿತು.

"ಬಾಗಿಲು ಮುಚ್ಚುತ್ತಿದೆ. ದಯವಿಟ್ಟು ದೂರ ನಿಲ್ಲಿ," ಎಂದಳು ಗಿಳಿ ಸತ್ತ ಫೋನಿಗೆ, ಲಿಫ್ಟಿನ ಹೆಂಗಸಿನ ನಯವಾದ ದನಿಯಲ್ಲಿ. ಆಮೇಲೆ ಮೇಕೆಯ ದನಿಯಲ್ಲಿ ಒಮ್ಮೆ ಅರಚಿದಳು.

ಮೇಕೆ ಕೇಳಿ ಅತ್ತೆ ಬಂದರು. "ಏನಾಯ್ತೇ ಗಿಳಿ?"

ಅವಳು ಹೇಳಿದಳು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಅಷ್ಟೇನಾ? ನಾನು ಹೊಸ್ತಿಲ ಹತ್ರ ನಿಂತು ಅಲ್ಲಾಡ್ತಾ ಇರ್ತೀನಿ. ನೀನು ಓದ್ಕೋ."

"ಸದ್ದಾಗಬಾರ್ದು ಅತ್ತೆ."

"ನಂದೇನೇ ಸದ್ದು? ನಾನಿದ್ದೀನಿ ಅಂತಾನೇ ಈ ಮನೇಲಿ ಯಾರಿಗೂ ಗೊತ್ತಾಗಲ್ಲ."

ಬಾಗಿಲು ಹಾಕಿಕೊಂಡು ಅತ್ತೆ ಒಳಗಡೆ ಹೊಸ್ತಿಲ ಬಳಿ ನಿಂತರು. ಗಡಿಯಾರದ ಲೋಲಕದ ಹಾಗೆ ಅತ್ತ ಇತ್ತ ತೂಗಲು ಶುರು ಮಾಡಿದರು. ದೀಪ ಆರದೆ ನಿಂತಿತು. ಗಿಳಿ ಓದತೊಡಗಿದಳು. ಅವಳ ಗಂಟಲಿನಿಂದ ಅದೇ ಧಾರಾವಾಹಿಯ ಮುದುಕಿ, ಅದೇ ನಡುಕ ಹೊತ್ತು ಹೊರಬಂದಳು. ಇದು ಬೇಡ ಎಂದು ಗೊತ್ತಿದ್ದೂ ಅವಳೇ ಬಂದಳು. ಎರಡನೇ ಸಾಲಿಗೆ ಅತ್ತೆಯ ಮೊಣಕಾಲು 'ಟಕ್' ಎಂದಿತು.

ಮತ್ತೆ ಮೊದಲಿಂದ. ಈ ಸಲ ಮುದುಕಿ ಎಂಜಿನ್ನಿಗೆ ಛೀಮಾರಿ ಹಾಕುವಲ್ಲಿಗೆ ಬಂದಾಗ, "ಹಾಗೆ ಹೇಳು! ಸರಿಯಾಗಿ ಉಗಿ ಅದಕ್ಕೆ!" ಎಂದು ಬಾಗಿಲ ಕಡೆಯಿಂದ ಬೆಂಬಲ ಬಂತು.

"ಅತ್ತೆ!"

"ಬಾಯಿ ಮುಚ್ಚಿದೆ, ಬಾಯಿ ಮುಚ್ಚಿದೆ."

ಮತ್ತೆ ಮೊದಲಿಂದ. ಅತ್ತೆಗೆ ಸೀನು ಬಂತು. ಮತ್ತೆ ಮೊದಲಿಂದ. ಬೆಕ್ಕು ಬಾಗಿಲು ಕೆರೆಯಿತು. ಸಂಜೆ ಹತ್ತಿರ ಬರುತ್ತಿತ್ತು. ಓದಿ ಓದಿ ಪುಟ ಬಾಯಿಪಾಠವಾಗಿತ್ತು, ಮುದುಕಿ ಇನ್ನೂ ಸುಳ್ಳು ಮುದುಕಿಯಾಗಿಯೇ ಇದ್ದಳು. ಗಿಳಿಯ ಕುತ್ತಿಗೆ ಮರಗಟ್ಟಿತ್ತು. ಇನ್ನೊಂದು ಸಲ, ಇದೇ ಕೊನೆ ಎಂದುಕೊಂಡು ಉಸಿರೆಳೆದು ಶುರು ಮಾಡಿದಳು. ಮುದುಕಿ ಎಂಜಿನ್ನಿನ ಹಗ್ಗ ಎಳೆದು ಎಳೆದು ಸೋತಳು, ಬೆವರು ಒರೆಸಿಕೊಂಡಳು, ಬಾಯಿ ತೆರೆದಳು...

ಅತ್ತೆ ಕಾಲು ಸೋತು ಗೋಡೆಗೆ ಒರಗಿದರು. ದೀಪ ಆರಿತು.

ಗಿಳಿ ನಿಲ್ಲಿಸಲಿಲ್ಲ. ನಿಲ್ಲಿಸಲು ಅವಳಿಗೆ ತೋಚಲೇ ಇಲ್ಲ. ಬಾಗಿಲ ಮೇಲಿನ ಆ ಮೊಟ್ಟೆಯಿದ್ದ ದಿಕ್ಕಿಗೆ ಮುಖವೆತ್ತಿ, ಕತ್ತಲಲ್ಲಿ, ಪುಟದ ಮಾತುಗಳನ್ನೇ ಒಂದೊಂದಾಗಿ ಎತ್ತಿ ಎಸೆದಳು:

"ದಡದಲ್ಲಿದ್ದಾಗ ಗುಡುಗಿದೆಯಲ್ಲ, ಈಗೇನಾಯ್ತು? ಯಾರನ್ನ ಕಾಯ್ತಿದ್ದೀಯ? ನಾನು ಇಲ್ಲೇ ಇದ್ದೀನಿ. ನಿನ್ನ ಬೆನ್ನ ಹಿಂದೆ, ಇಷ್ಟು ವರ್ಷದಿಂದ ಇದೇ ಹಲಗೆ ಮೇಲೆ ಕೂತಿದ್ದೀನಿ. ಕುಣಿದ್ರೆ ಮಾತ್ರ ಇದ್ದೀನಿ ಅಂತ ಲೆಕ್ಕವಾ? ಸುಮ್ಮನೆ ಕೂತವಳು ಇಲ್ಲ ಅಂತಲಾ? ನಿನಗೆ ಎಣ್ಣೆ ಹಾಕಿದ್ದು ಯಾರು, ನಿನ್ನ ಕೊಳೆ ತೊಳೆದದ್ದು ಯಾರು? ಹೋಗು, ನೀನು ನಿಂತರೆ ನಿಲ್ಲು. ಹುಟ್ಟು ಹಾಕೋಕೆ ನನಗೆ ಕೈಯಿದೆ."

ಆ ದನಿಯಲ್ಲಿ ನಡುಕವಿರಲಿಲ್ಲ. ಕೂಗಾಟವೂ ಇರಲಿಲ್ಲ. ಬೆಳಗಿಂದ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿ ದಣಿದವರ, ಇನ್ನು ಯಾರನ್ನೂ ಮೆಚ್ಚಿಸಲು ತ್ರಾಣವಿಲ್ಲದವರ, ಸ್ವಲ್ಪ ಒರಟಾದ, ತಗ್ಗಿದ ದನಿ ಅದು. ಅದನ್ನು ಕೇಳಿ ಗಿಳಿಗೇ, ಇದು ಯಾರದಪ್ಪಾ, ಯಾರದನ್ನು ಕದ್ದೆ ಅನ್ನಿಸಿತು. ನೆನಪಿನಲ್ಲಿ ತಡಕಾಡಿದಳು. ಯಾರದೂ ಅಲ್ಲ.

ಪುಟ ಮುಗಿಯಿತು. ಕತ್ತಲು ಹಾಗೇ ಇತ್ತು. ಕೆಂಪು ಚುಕ್ಕಿ ಉರಿಯುತ್ತಲೇ ಇತ್ತು.

"ಅತ್ತೆ? ಇದ್ದೀರಾ?"

"ಇದ್ದೀನಿ," ಎಂಬ ಉತ್ತರ ಮೆತ್ತಗೆ ಬಂತು.

"ಅಲ್ಲಾಡ್ತೀನಿ ಅಂದಿದ್ರಿ."

"ಮರ್ತೇ ಹೋಯ್ತು ಕಣೆ." ಮೂಗು ಒರೆಸಿಕೊಂಡ ಸದ್ದು. 'ಟಿಕ್.' ದೀಪ ಹತ್ತಿತು. ಅತ್ತೆಯ ಕಣ್ಣು ಕೆಂಪಾಗಿತ್ತು. "ಎಣ್ಣೆ ಹಾಕಿದ್ದು ಯಾರು ಅಂತ ಕೇಳಿದ್ಯಲ್ಲ... ಯಾರು ಬರ್ದಿರೋದೇ ಇದನ್ನ?"

ಇನ್ನೊಮ್ಮೆ ಓದಲು ಹೊತ್ತಿರಲಿಲ್ಲ. ಗಿಳಿ ಅದನ್ನೇ ಕಳಿಸಿದಳು.

ಗಂಡ ಮನೆಗೆ ಬಂದಾಗ ಅವನ ತಾಯಿ ಬಾಗಿಲಲ್ಲೇ ಹಿಡಿದರು. ಕೈಕಾಲು ತೊಳೆಯಲೂ ಬಿಡದೆ, ಮೂರು ಮೂಲೆಯ ಸಾಧನ ಚೀಲದಿಂದ ತೆಗೆಸಿ ಉಗ್ರಾಣಕ್ಕೆ ಅಟ್ಟಿದರು. ಅವನು ಮೊಟ್ಟೆ ಬಿಚ್ಚಿದ, ಬಿಳಿ ಹಲಗೆ ಕಿತ್ತ, ಹಳೆಯ ಸ್ವಿಚ್ಚನ್ನು ಅದರ ಜಾಗಕ್ಕೆ ಸೇರಿಸಿದ. ಅವನು ಕೊನೆಯ ಸ್ಕ್ರೂ ತಿರುಗಿಸುತ್ತಿರುವಾಗ ಗಿಳಿಯ ಫೋನು ಹೊಡೆದುಕೊಂಡಿತು.

"ಇದು ಯಾರು ಓದಿದ್ದು?" ನಿರ್ದೇಶಕಿಯ ನೆಗಡಿಯ ದನಿಯಲ್ಲಿ ಅನುಮಾನವಿತ್ತು.

"ನಾನೇ."

"ನೀವೇ ಅಂದ್ರೆ, ಬಿಬಿಕ್ರಿ ಅಲ್ಲ ತಾನೆ?"

"ಅಲ್ಲ. ನಾನೇ ನಾನು."

"ಹಾಗಾದ್ರೆ ಇಡೀ ಪುಸ್ತಕ ಇದೇ ದನೀಲಿ ಬೇಕು. ಬೊದಲ ಅಧ್ಯಾಯ ಶುರು ಬಾಡಿ."

ಗಿಳಿ ಕುಣಿದಳು. ಮನೆಯ ಎಲ್ಲ ಕೋಣೆಯಲ್ಲೂ ದೀಪ ಹತ್ತುವಷ್ಟು ಕುಣಿದಳು.

ಮರುದಿನ ಬೆಳಗಿನಿಂದ ಕಾದಂಬರಿಯ ಮೊದಲ ಪುಟಗಳನ್ನು ಹತ್ತಾರು ಸಲ ಓದಿಕೊಂಡು, ಊಟವಾದ ಮೇಲೆ ಉಗ್ರಾಣ ಹೊಕ್ಕು ಸ್ವಿಚ್ಚು ಒತ್ತಿದಳು. ದೀಪ ಹತ್ತಿತು, ಹತ್ತಿಯೇ ಇತ್ತು. ಹೊರಗೆ ಬೆಕ್ಕೂ ಇರಲಿಲ್ಲ. ಮೊದಲ ಅಧ್ಯಾಯ ತೆರೆದು, ಕಲ್ಲಾಗಿ ಕೂತು, ಬಾಯಿ ಬಿಟ್ಟಳು. ಗಂಟಲಿನಿಂದ ಧಾರಾವಾಹಿಯ ಮುದುಕಿ, ನಡುಕದ ಸಮೇತ, ಬಿಗುಮಾನದಿಂದ ಇಳಿದು ಬಂದಳು. ನಿಲ್ಲಿಸಿ ನೀರು ಕುಡಿದಳು. ಮತ್ತೆ ಓದಿದಳು. ಈ ಸಲ ಲಿಫ್ಟಿನ ಹೆಂಗಸು ಬಂದಳು. ನಿನ್ನೆಯ ಆ ದನಿ ಬರಲೇ ಇಲ್ಲ, ಬೈಯಲು ಎದುರಿಗೆ ಯಾರೂ ಇರಲಿಲ್ಲ. ದೀಪವಂತೂ ಹೇಳಿದ ಮಾತು ಕೇಳುವ ಮಗುವಿನ ಹಾಗೆ ಉರಿಯುತ್ತಲೇ ಇತ್ತು, ಅದನ್ನು ನೋಡಿಯೇ ಅವಳಿಗೆ ಮೈ ಉರಿಯಿತು.

ಅಂದು ರಜೆಯಲ್ಲಿದ್ದ ಗಂಡನ ಮುಂದೆ ಹೋಗಿ ನಿಂತಳು. "ಆ ಮೊಟ್ಟೆ ಎಲ್ಲಿ?"

"ಯಾವ ಮೊಟ್ಟೆ? ನಿನ್ನೆ ತಾನೆ ತೆಗೆಸಿದ್ರಲ್ಲ!"

"ವಾಪಸ್ ಹಾಕಿ."

ಅವನು ಅವಳನ್ನು ನೋಡಿದ, ತಾಯಿಯನ್ನು ನೋಡಿದ. ಯಾವ ಗುಂಡಿಯೊಳಗೂ ಅವನಿಗೆ ಇಷ್ಟು ಭಯವಾಗಿರಲಿಲ್ಲ. "ಸರಿ, ಈ ಸಲ ಕುರ್ಚಿ ಕಡೆ ತಿರುಗಿಸಿ ಹಾಕ್ತೀನಿ. ನೀನು ಉಸಿರಾಡಿದ್ರೂ..."

"ಬೇಡ! ಬಾಗಿಲ ಕಡೆಗೇ ಇರ್ಲಿ. ನಾನು ಕೂತಿರೋದು ಅದಕ್ಕೆ ಕಾಣ್ಲೇಬಾರ್ದು."

ಮೊಟ್ಟೆ ತನ್ನ ಗದ್ದುಗೆಗೆ ಮರಳಿತು. ಅತ್ತೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು, ಕರೆಯುವ ಮೊದಲೇ ಹೊಸ್ತಿಲ ಮೇಲೆ ಹಾಜರಾದರು.

"ಅಲ್ಲಾಡ್ಲೇನೇ?"

"ಓದು ಬೇಜಾರಾದ್ರೆ ಮಾತ್ರ ಅಲ್ಲಾಡಿ ಅತ್ತೆ."

ಗಿಳಿ ಓದತೊಡಗಿದಳು. ಸ್ವಲ್ಪ ಹೊತ್ತಿಗೆ ದೀಪ ಆರಿತು. ಹಳೆಯ ಸಿಟ್ಟು ಹಾಸಿಗೆಯಿಂದೆದ್ದು ಮೈಮುರಿಯಿತು. ಅದರ ಹಿಂದೆಯೇ ಆ ಒರಟು ದನಿ, ಯಾರದೂ ಅಲ್ಲದ್ದು, ತಾನಾಗಿ ಬಂತು. ಸಾಲಿನ ಮೇಲೆ ಸಾಲು, ಬಾಯಿಪಾಠವಿದ್ದಷ್ಟು ದೂರ, ಕತ್ತಲಲ್ಲಿ ಅವಳು ಓದುತ್ತ ಹೋದಳು. ಅತ್ತೆಯ ಉಸಿರೂ ಕೇಳಿಸಲಿಲ್ಲ. ಎಂಥ ಓದು, ಎಂಥ ಓದು ಎಂದು ತನ್ನನ್ನೇ ಮೆಚ್ಚಿಕೊಳ್ಳುವಷ್ಟರಲ್ಲಿ—

'ಟಿಕ್.'

"ಅತ್ತೆ! ಅಷ್ಟು ಬೇಜಾರಾಯ್ತಾ?"

"ಇಲ್ಲ ಕಣೆ, ಸೊಳ್ಳೆ!"