ಮ್ಯಾನೇಜರನ ಚೌಕ

ಅಕ್ಕನನ್ನು ಲಾಂಡ್ರಿಯಿಂದ ತೆಗೆದ ದಿನವೇ ತಂಗಿ ಹಲ್ಲು ಕಡಿದಿದ್ದಳು. ಆಸ್ಪತ್ರೆ, ಹೋಟೆಲುಗಳ ಹರಿದ ಚಾದರಗಳನ್ನೆಲ್ಲ ಹೊಲಿಯುತ್ತಿದ್ದವಳು ಅಕ್ಕ. "ಇವಳಿಗೂ ಉಳಿದವರ ಕೆಲಸಕ್ಕೂ ಸಂಬಂಧವೇ ಇಲ್ಲ" ಎಂದು ಮ್ಯಾನೇಜರ್ ಧಣಿಯ ಕಿವಿ ಊದಿದ. ಇಸ್ತ್ರಿಯಿಲ್ಲದ ಅಂಗಿ ತೊಡದ, ಇಸ್ತ್ರಿಪೆಟ್ಟಿಗೆ ಎಂದೂ ಮುಟ್ಟದ ಮಹಾನುಭಾವ!

"ಅವನ ಮಾನ ಹರಾಜು ಹಾಕದಿದ್ರೆ ನಾನು ನಿನ್ನ ತಂಗಿಯೇ ಅಲ್ಲ."

"ಮೊದಲು ನನಗೆ ಕೆಲಸ ವಾಪಸ್ ಸಿಗೋ ದಾರಿ ನೋಡೇ," ಎಂದಳು ಅಕ್ಕ.

ದೇವರು ಕಣ್ಣು ಬಿಟ್ಟ. ಲಾಂಡ್ರಿಯ ಆಫೀಸಿನಲ್ಲಿದ್ದ ತಂಗಿಯನ್ನು ಮ್ಯಾನೇಜರನೇ ಹೊಸ ಸಾಫ್ಟ್‌ವೇರಿನ ಮುಂದೆ ಕೂರಿಸಿದ. ಒಬ್ಬೊಬ್ಬ ಕೆಲಸಗಾರರಿಗೆ ಒಂದೊಂದು ಚೌಕ. ಯಾರ ಕೆಲಸ ಯಾರನ್ನು ನಂಬಿಕೊಂಡಿದೆಯೋ ಅವರ ನಡುವೆ ಗೆರೆ. ಆ ಚಿತ್ರ ನೋಡಿ ಲಾಂಡ್ರಿಗೆ ಯಾರು ಯಾರು ಬೇಕೆಂದು ಧಣಿ ತೀರ್ಮಾನಿಸಲಿದ್ದರು.

"ಎಲ್ಲರ ಗೆರೇನೂ ನನ್ನ ಚೌಕಕ್ಕೆ ಬರ್ಲಿ," ಎಂದ ಮ್ಯಾನೇಜರ್.

ಮೊದಲಿಗೆ ಅವಳಿಗೆ ತಲೆಬುಡ ತಿಳಿಯಲಿಲ್ಲ. ಒಗೆಯುವವನ ಚೌಕ ಎಳೆದರೆ ಚೌಕವಷ್ಟೇ ಬಂತು, ಗೆರೆ ಅಲ್ಲೇ ಬಿದ್ದಿತ್ತು. ಸುಮಾರು ಒದ್ದಾಡಿದ ಮೇಲೆ ಗುಟ್ಟು ಸಿಕ್ಕಿತು. ಗೆರೆಯ ತುದಿ ಚೌಕದ ಅಂಚಿಗೆ ತಾಗಿ ಹಸಿರು ಚುಕ್ಕೆ ಮೂಡಿದ ಮೇಲೇ ಮೌಸಿನಿಂದ ಬೆರಳು ಎತ್ತಬೇಕು. ಆಗ ಅದು ಅಂಟಿಕೊಂಡು, ಚೌಕ ಹೋದಲ್ಲೆಲ್ಲ ಹಿಂದೆಯೇ ಹೋಗುತ್ತದೆ. ಅದಕ್ಕೆ ಮುಂಚೆ ಬಿಟ್ಟರೆ ಬರೀ ತೋರಿಕೆಯ ನೆಂಟಸ್ತಿಕೆ.

ಅವಳಿಗೆ ಸೇಡಿನ ದಾರಿ ಹೊಳೆಯಿತು. ಉಳಿದವರ ಗೆರೆಗಳನ್ನೆಲ್ಲ ಅಚ್ಚುಕಟ್ಟಾಗಿ ಅಂಟಿಸಿದಳು. ಮ್ಯಾನೇಜರನ ಚೌಕದ ಬಳಿ ಮಾತ್ರ ಒಂದೊಂದನ್ನೂ ಕೂದಲೆಳೆ ದೂರದಲ್ಲಿ ನಿಲ್ಲಿಸಿದಳು. ನೋಡುವವರಿಗೆ ಎಲ್ಲವೂ ಅವನಿಗೇ ಕೂಡಿಕೊಂಡ ಹಾಗಿತ್ತು.

ಸಭೆಯ ದಿನ ಚಿತ್ರ ಗೋಡೆಯ ಮೇಲೆ ಬಂತು. ತನ್ನ ಚೌಕ ನಡುವೆ ಕೂತದ್ದು ಮ್ಯಾನೇಜರನಿಗೆ ಸಾಲಲಿಲ್ಲ. ಎಲ್ಲಿದ್ದರೂ ಎಲ್ಲರ ಮೇಲಿರಬೇಕೆಂಬ ಚಪಲ. ಮೌಸ್ ಕಿತ್ತುಕೊಂಡು ತನ್ನ ಚೌಕವನ್ನು ತಾನೇ ಮೇಲಕ್ಕೆ ಎಳೆದ. ಚೌಕ ಒಂಟಿಯಾಗಿ ಹೊರಟಿತು. ಗೆರೆಗಳೆಲ್ಲ ಕೆಳಗೇ ಉಳಿದವು.

"ಇದೇನ್ರೀ, ನಿಮ್ಮನ್ನ ಎತ್ತಿದ್ರೂ ಏನೂ ಅಲ್ಲಾಡ್ಲಿಲ್ಲ!" ಧಣಿ ನಕ್ಕರು. ಆಮೇಲೆ ಒಗೆಯುವವನತ್ತ ತಿರುಗಿದರು. "ಮಷೀನು ಕೆಟ್ಟರೆ ಇವರ ಹತ್ರ ಹೋಗ್ತೀಯೇನಯ್ಯಾ?"

"ಇವರ ಹತ್ರಾನಾ? ಯಾಕೆ ಸಾರ್?"

ಇಸ್ತ್ರಿಯವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮ್ಯಾನೇಜರನ ಮುಖ ಹುಳ್ಳಗಾಯಿತು. ಸಂಜೆಯ ಹೊತ್ತಿಗೆ ಅವನ ಕುರ್ಚಿ ಖಾಲಿ.

ಮನೆಯಲ್ಲಿ ತಂಗಿ ನಡೆದದ್ದನ್ನೆಲ್ಲ ಅಭಿನಯಿಸಿ ತೋರಿಸಿದಳು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಆಮೇಲೆ ಧಣಿ ಏನಂದ್ರು?"

"ಉಳಿದ ಚಿತ್ರ ಭೇಷಾಗಿದೆ, ಇದರಲ್ಲಿರೋ ಜನ ಸಾಕು, ಇನ್ಯಾರೂ ಬೇಡ ಅಂದ್ರು. ನಾನು ಹೂಂ ಅಂದೆ."

ಅಕ್ಕನ ನಗು ನಿಂತಿತು. "ಚಾದರ ಹೊಲಿಯೋದಕ್ಕೆ ಯಾರ ಚೌಕ ಹಾಕಿದ್ದೆ?"

ತಂಗಿ ತಲೆ ತಗ್ಗಿಸಿದಳು.

"ಯಾರದ್ದೂ ಹಾಕ್ಲಿಲ್ಲ ಕಣೇ."