ಎರಡೂ ಹಲಗೆಗೆ ಸಲ್ಲುವ ನಡೆ

1949ರ ಮಾರ್ಚ್ ಮೂರನೆಯ ವಾರ ತಾರ್ತು ಊರಿನ ರೈಲು ನಿಲ್ದಾಣದ ಹಿಂಬದಿಯ ಹಳಿಗಳ ಮೇಲೆ ದನ ಸಾಗಿಸುವ ಬೋಗಿಗಳು ಬಂದು ನಿಂತವು. ಖಾಲಿ ಬೋಗಿಗಳು. ಯಾರಿಗೆಂದು ಊರಿನಲ್ಲಿ ಯಾರೂ ಕೇಳಲಿಲ್ಲ. ಎಂಟು ವರ್ಷದ ಹಿಂದೆ ಇಂಥವೇ ಬೋಗಿಗಳಲ್ಲಿ ಸೈಬೀರಿಯಕ್ಕೆ ಗಡೀಪಾರಾಗಿ ಹೋದವರ ಪೈಕಿ ಹಿಂದಿರುಗಿದವರು ಬೆರಳೆಣಿಕೆಯಷ್ಟು.

ಅದೇ ವಾರ ಹೆಲ್ದುರ್ ಪ್ಯಾರ್ನಿಟ್ಸ್‌ಗೆ ಗುಪ್ತ ಪೊಲೀಸರ ಕಚೇರಿಯಿಂದ ಕರೆ ಬಂತು. ಎರಡು ಸಲ ದೇಶದ ಚದುರಂಗ ಚಾಂಪಿಯನ್ ಆಗಿದ್ದವನು, ವಾರ್ಸಾದಲ್ಲಿ ದೇಶದ ಬಾವುಟವಿಟ್ಟ ಮೇಜಿನಲ್ಲಿ ಆಡಿದವನು. ದೇಶ ಪರರ ವಶವಾಗಿ, ಈಗ ಆ ಬಾವುಟ ಮನೆಯಲ್ಲಿ ಸಿಕ್ಕರೆ ಜೈಲು. ಚಾಂಪಿಯನ್ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ.

ಮೇಜಿನಾಚೆ ಕೂತಿದ್ದ ಅಧಿಕಾರಿ ಕಿವಿಸಾರ್ ಅವನದೇ ಹಳೆಯ ವಿದ್ಯಾರ್ಥಿ. ಕಪ್ಪು ಬ್ರೆಡ್ಡಿನ ಮೇಲಿನ ಉಪ್ಪುಮೀನು ಕಚ್ಚುತ್ತ ಅಂಚೆಕಾರ್ಡುಗಳನ್ನು ಹರಡಿದ. ಸ್ವೀಡನ್ನಿಗೆ ದೋಣಿಯಲ್ಲಿ ತಪ್ಪಿಸಿಕೊಂಡು ಹೋದ ಗೆಳೆಯ ಎರ್ವಿನ್ ಬರೆದವು. ಇಪ್ಪತ್ತೆರಡು ಹೆಲ್ದುರ್‌ನ ಮನೆಯಿಂದ ಎತ್ತಿ ತಂದವು. ಇಪ್ಪತ್ಮೂರನೆಯದು ಅಂಚೆಯಲ್ಲೇ ಹಿಡಿದದ್ದು, ಅವನಿನ್ನೂ ನೋಡಿರಲಿಲ್ಲ. ಪ್ರತಿ ಕಾರ್ಡಿನಲ್ಲೂ ನಾಲ್ಕೇ ಅಂಕಿ.

"ಗುಪ್ತಲಿಪಿ ಅಲ್ವಾ ಮೇಷ್ಟ್ರೇ?"

"ಅಂಚೆ ಚದುರಂಗ ಕಣಯ್ಯ. ಎಲ್ಲಿಂದ ಎಲ್ಲಿಗೆ ಅಂತ ಮನೆ ನಂಬರು. ನಿನಗೇ ಕಲಿಸಿದ್ದೆ."

"ನಾನು ದಡ್ಡ, ಮರ್ತುಬಿಟ್ಟೆ. ನಿಮ್ಮ ನಡೆಗಳ ಪಟ್ಟಿ ಎಲ್ಲಿ?"

"ತಲೇಲಿದೆ."

"ಹಾಗಾದ್ರೆ ಆಡಿ ತೋರ್ಸಿ. ಆಟವೇ ಆದ್ರೆ ಎರ್ವಿನ್ ತಂಗಿ ಮೀಟಾ ಮನೇಲೇ ಇರ್ಲಿ. ಲಿಪಿ ಆದ್ರೆ, ಎರಡು ಮಕ್ಕಳ ಸಮೇತ ಬೋಗಿಗೆ."

ಹೆಲ್ದುರ್ ಕಾಯಿ ಜೋಡಿಸಿ ನಡೆಸುತ್ತ ಹೋದ. ಇಪ್ಪತ್ತೆರಡನೆಯ ನಡೆಯಲ್ಲಿ ಅವನ ಒಂಟೆ ಎರ್ವಿನ್‌ನ ರಾಜನಿಗೆ ಚೆಕ್ ಕೊಟ್ಟಿತು. ಕಿವಿಸಾರ್ ಕೊನೆಯ ಕಾರ್ಡು ಓದಿದ. ಎರ್ವಿನ್ ಚೆಕ್ ಗಮನಿಸದೆ, ರಾಜನನ್ನು ಬಿಡಿಸಿಕೊಳ್ಳದೆ ಎಲ್ಲೋ ಕುದುರೆ ಸರಿಸಿದ್ದ.

"ಈ ನಡೆ ಆಗಲ್ಲ!" ಹೆಲ್ದುರ್‌ನ ಬಾಯಿಂದ ಬಂದೇಬಿಟ್ಟಿತು. ಇಪ್ಪತ್ತು ವರ್ಷ ಎದುರಾಳಿಗಳ ತಪ್ಪು ಹಿಡಿದು ಹಿಡಿದು ಪಳಗಿದ ಬಾಯಿ.

ಕಿವಿಸಾರ್ ಬ್ರೆಡ್ಡು ಕೆಳಗಿಟ್ಟ. "ಆಗದ ನಡೆಯನ್ನ ಯಾರು ಬರೀತಾರೆ ಮೇಷ್ಟ್ರೇ?"

ಹೆಲ್ದುರ್ ಹಲಗೆಯತ್ತ ಬಗ್ಗಿದ. ನಡೆ ತಪ್ಪಿದವನು ಅಲ್ಲಿ ಸ್ವೀಡನ್ನಿನಲ್ಲಿ ಬೆಚ್ಚಗಿದ್ದಾನೆ. ಇಲ್ಲಿ ಸೈಬೀರಿಯಕ್ಕೆ ಹೋಗಬೇಕಾದವರು ಕುದುರೆ ಯಾವುದು ಒಂಟೆ ಯಾವುದೆಂದೂ ಅರಿಯದ ಮಕ್ಕಳು. ಇದನ್ನು ಇವರು ನ್ಯಾಯ ಎನ್ನುತ್ತಾರೆ.

"ಹದಿನೇಳನೇ ನಡೆಯಿಂದ ನನ್ನ ನೆನಪೇ ತಪ್ಪಿತು. ಮತ್ತೆ ಆಡ್ತೀನಿ."

ಆಡಿದ. ಎರ್ವಿನ್‌ನ ನಡೆಗಳು ಕಾರ್ಡಿನಲ್ಲಿದ್ದಂತೆಯೇ. ತನ್ನವನ್ನು ಮಾತ್ರ ನಿಂತ ನಿಲುವಿನಲ್ಲಿ ಕಟ್ಟಿದ. ಒಂಟೆ ಹೊರಗೆ ಬರಲೇ ಇಲ್ಲ. ಜೀವಮಾನದ ಅತ್ಯುತ್ತಮ ಆಟವನ್ನು ಒಂದೊಂದೇ ಪೆದ್ದು ನಡೆಯಿಂದ ತಾನೇ ಕೊಂದ. ಕೊನೆಗೆ ಎರ್ವಿನ್‌ನ ಕುದುರೆ ಲಕ್ಷಣವಾಗಿ ಕಾರ್ಡು ಹೇಳಿದ ಮನೆಯಲ್ಲಿ ಕೂತಿತು.

"ಥೂ, ಇಷ್ಟು ಕೆಟ್ಟದಾಗಿ ಆಡಿದ್ರಾ? ನಮ್ಮತ್ತೆನೂ ನಿಮ್ಮನ್ನ ಸೋಲಿಸ್ತಾಳೆ!"

"ವಯಸ್ಸಾಯ್ತಪ್ಪ."

ಕಿವಿಸಾರ್ ನಗುತ್ತಲೇ ಖಾಲಿ ಕಾರ್ಡೊಂದನ್ನು ಮುಂದೆ ತಳ್ಳಿದ. "ನಿಮ್ಮ ಮುಂದಿನ ನಡೆ ಬರೀರಿ. ನಾನೇ ಅಂಚೆಗೆ ಹಾಕಿಸ್ತೀನಿ. ಅವನಿಂದ ಉತ್ತರ ಬಂತೋ, ಇದು ಆಟ. ಬರ್ಲಿಲ್ವೋ, ಇವತ್ತು ನೀವು ನಾಟಕ ಆಡಿದ್ರಿ ಅಂತ. ಮೀಟಾ ಕಾಯ್ತಿರ್ಲಿ. ಬೋಗಿ ಇದೊಂದೇ ಸಲ ಬರಲ್ಲ."

ಪೆನ್ನು ಹಿಡಿದು ಹೆಲ್ದುರ್ ಎರಡು ಹಲಗೆ ನೋಡಿದ: ಎದುರಿಗಿದ್ದ ಸುಳ್ಳಿನದು, ತಲೆಯೊಳಗಿನ, ಎರ್ವಿನ್‌ನ ಬಳಿಯೂ ಇರುವ ನಿಜದ್ದು. ಎರಡರಲ್ಲೂ ಸಲ್ಲುವ ನಡೆ ಬೇಕಿತ್ತು. ಎರಡರಲ್ಲೂ ಒಂದೇ ಮನೆಯಲ್ಲಿದ್ದ, ಹಲಗೆಯಂಚಿನ ಕಾಲಾಳೊಂದು ಸಿಕ್ಕಿತು. ಅದರ ನಾಲ್ಕು ಅಂಕಿ ಬರೆದ.

ಎರ್ವಿನ್ ಈಗ ತನ್ನ ತಪ್ಪು ಕಂಡುಕೊಂಡರೆ ಮುಗಿಯಿತು. ಹೆಲ್ದುರ್ ಅದನ್ನು ಹಿಡಿಯದೆ ಬಿಟ್ಟಿದ್ದೇಕೆ ಎಂದು ಯೋಚಿಸುತ್ತಾನೆ, ಕಾರ್ಡು ಬೇರೆ ಯಾರದೋ ಕಣ್ಣೆದುರು ಬರೆದದ್ದೆಂದು ತಿಳಿಯುತ್ತಾನೆ, ತಂಗಿಗೆ ಕೇಡಾಗದಿರಲೆಂದು ಬರೆಯುವುದನ್ನೇ ನಿಲ್ಲಿಸುತ್ತಾನೆ.

ಕಾರ್ಡಿನ ಮೇಲೆ ದಪ್ಪನೆ ಮುದ್ರೆ ಬಿತ್ತು. ಎದುರಾಳಿ ಹಲಗೆಯನ್ನು ಎರಡನೆಯ ಸಲ ನೋಡದಿರಲಿ ಎಂದು ಹೆಲ್ದುರ್ ಜೀವನದಲ್ಲಿ ಮೊದಲ ಸಲ ಬೇಡಿಕೊಂಡ.